ಹತ್ತು ಸೆಂಟಿನ ಭೂತಗಳು

1948ರ ಅಕ್ಟೋಬರ್ ತಿಂಗಳ ಒಂದು ದಿನ, ಅಮೆರಿಕಾದ ವೆಸ್ಟ್ ವರ್ಜಿನಿಯಾ ರಾಜ್ಯದ ಸ್ಪೆನ್ಸರ್ ಎಂಬ ಸಣ್ಣ ಊರಿನ ಶಾಲೆಯ ಅಂಗಳದಲ್ಲಿ ನೂರಾರು ಮಕ್ಕಳು ಗುಂಪುಗೂಡಿದ್ದರು. ಅವರ ನಡುವೆ ಸುಮಾರು ಎರಡು ಸಾವಿರ ಪುಸ್ತಕಗಳ ರಾಶಿಯಿದ್ದಿತು. ಅವುಗಳನ್ನು ಕೂಡಿಹಾಕಿದವರೂ ಮಕ್ಕಳೇ. ಹಿರಿಯರ ಒಪ್ಪಿಗೆಯಿಂದ, ಹದಿಮೂರು ವರ್ಷದ ಹುಡುಗನೊಬ್ಬನ ಮುಂದಾಳುತನದಲ್ಲಿ ಆ ರಾಶಿಗೆ ಬೆಂಕಿ ಹಚ್ಚಲಾಯಿತು. ಎರಡನೆಯ ಮಹಾಯುದ್ಧ ಮುಗಿದು ಆಗ ಮೂರೇ ವರ್ಷ. ಪುಸ್ತಕಗಳನ್ನು ಸುಟ್ಟ ಜರ್ಮನಿಯ ನಾಜಿಗಳೊಡನೆ ಹೋರಾಡಿ ಗೆದ್ದ ದೇಶ ಅದು. ಆದರೂ ಅದೇ ವರ್ಷ ಮುಗಿಯುವುದರೊಳಗೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿಯೂ ಇಂತಹುದೇ ಬೆಂಕಿ ಉರಿಯಿತು. ಹೀಗೆ ಬೂದಿಯಾದುವು ಕಾಮಿಕ್ ಪುಸ್ತಕಗಳು.

ಕಾಮಿಕ್ ಪುಸ್ತಕವೆಂದರೆ, ಚೌಕಗಳಾಗಿ ವಿಭಾಗಿಸಿದ ಪುಟಗಳಲ್ಲಿ ಚಿತ್ರವೂ ಮಾತೂ ಜೊತೆಜೊತೆಯಾಗಿ ಸಾಗುವ ಕಥೆ. ಅಮರ ಚಿತ್ರಕಥೆಯನ್ನು ಓದಿದವರಿಗೆ ಈ ಬಗೆ ಹೊಸದೇನೂ ಅಲ್ಲ. ಅಮೆರಿಕಾದಲ್ಲಿ ಇವು 1930ರ ದಶಕದಲ್ಲಿ ಸ್ವತಂತ್ರ ಪತ್ರಿಕೆಗಳಾಗಿ ರೂಪುಗೊಂಡುವು. 1938ರಲ್ಲಿ ಸೂಪರ್‌ಮ್ಯಾನ್ ಎಂಬ ಅತಿಮಾನುಷ ವೀರನು ಕಾಣಿಸಿಕೊಂಡ ಮೇಲಂತೂ ಅವುಗಳ ಮಾರಾಟ ಲಕ್ಷ ಲಕ್ಷ ಪ್ರತಿಗಳಿಗೆ ಏರಿತು. ಒಂದರ ಬೆಲೆ ಹತ್ತು ಸೆಂಟು. ಅಂದರೆ ಒಂದು ಡಾಲರಿನಲ್ಲಿ ಹತ್ತನೆಯ ಒಂದು ಪಾಲು. ಮಗು ತನ್ನ ಕೈಕಾಸಿನಿಂದಲೇ ಕೊಳ್ಳಬಹುದಾದ ಬೆಲೆ ಅದು. ಈ ಸಂಗತಿ ಸಣ್ಣದಾಗಿ ತೋರಿದರೂ ಬಹು ಮುಖ್ಯವಾದುದು. ಶಾಲೆಯ ಪುಸ್ತಕವನ್ನು ಉಪಾಧ್ಯಾಯರು ಆರಿಸುತ್ತಾರೆ. ಮನೆಯ ಪುಸ್ತಕವನ್ನು ತಂದೆತಾಯಿಗಳು ತಂದುಕೊಡುತ್ತಾರೆ. ಕಾಮಿಕ್ ಪುಸ್ತಕವನ್ನಾದರೋ ಮಗು ತಾನೇ ಆರಿಸಿ, ತಾನೇ ಹಣ ತೆತ್ತು, ಹಾಸಿಗೆಯ ಕೆಳಗೆ ಬಚ್ಚಿಟ್ಟುಕೊಂಡು ಓದುತ್ತಿತ್ತು. ಹಿರಿಯರ ಕಳವಳಕ್ಕೆ ಒಂದು ಕಾರಣ ಆ ಪುಸ್ತಕಗಳ ಒಳಗೆ ಇದ್ದರೆ, ಮತ್ತೊಂದು ಕಾರಣ ಇಲ್ಲಿದ್ದಿತೆಂದು ತೋರುತ್ತದೆ.

ಯುದ್ಧ ಮುಗಿದ ಮೇಲೆ ಅತಿಮಾನುಷ ವೀರರ ವಿಷಯದಲ್ಲಿ ಓದುಗರಿಗೆ ಆಸಕ್ತಿ ಕುಂದಿತು. ಅವರು ತೆರವು ಮಾಡಿದ ಸ್ಥಳಕ್ಕೆ ಮೊದಲು ದರೋಡೆಕೋರರೂ ಕೊಲೆಗಡುಕರೂ ಬಂದರು. ಅವರ ಬೆನ್ನ ಹಿಂದೆಯೇ ಪ್ರೇತ ಪಿಶಾಚಿಗಳು ಬಂದುವು. 1948ರಲ್ಲಿ ‘ಅಡ್ವೆಂಚರ್ಸ್ ಇಂಟು ದಿ ಅನ್‌ನೋನ್’ ಎಂಬ ಪತ್ರಿಕೆ ಬರಿಯ ಭಯದ ಕಥೆಗಳಿಗೇ ಮೀಸಲಾಗಿ ಹೊರಟಿತು. ಐದಾರು ವರ್ಷಗಳಲ್ಲಿ ಅನೇಕ ಪ್ರಕಾಶಕರು ಇದೇ ಹಾದಿ ಹಿಡಿದರು. ಅವರ ಪುಸ್ತಕಗಳಲ್ಲಿ ಬಹುಪಾಲು ಒಂದರ ನಕಲು ಇನ್ನೊಂದು; ಅವುಗಳ ವಿಚಾರವಾಗಿ ಹೇಳುವಂತಹುದು ಹೆಚ್ಚೇನೂ ಇಲ್ಲ. ಹೇಳಬೇಕಾದುದು ‘ಇ.ಸಿ.’ ಎಂಬ ಒಂದು ಸಣ್ಣ ಪ್ರಕಾಶನ ಸಂಸ್ಥೆಯ ಕಥೆ.

ಆ ಸಂಸ್ಥೆಯನ್ನು ಸ್ಥಾಪಿಸಿದ ಮ್ಯಾಕ್ಸ್ ಗೇಯ್ನ್ಸ್ ಅದಕ್ಕೆ ‘ಎಜುಕೇಷನಲ್ ಕಾಮಿಕ್ಸ್’ ಎಂದು ಹೆಸರಿಟ್ಟು, ಬೈಬಲ್ಲಿನ ಕಥೆಗಳನ್ನೂ ಇತಿಹಾಸವನ್ನೂ ಚಿತ್ರಗಳ ಮೂಲಕ ಮಕ್ಕಳಿಗೆ ತಿಳಿಸಬೇಕೆಂದು ಹೊರಟಿದ್ದರು. 1947ರಲ್ಲಿ ಅವರು ದೋಣಿಯ ಅಪಘಾತದಲ್ಲಿ ತೀರಿಕೊಂಡರು. ಮಗ ವಿಲಿಯಂ ಗೇಯ್ನ್ಸ್‌ಗೆ ಆಗ ಇಪ್ಪತ್ತೈದು ವರ್ಷ. ರಸಾಯನಶಾಸ್ತ್ರದ ಉಪಾಧ್ಯಾಯನಾಗಬೇಕೆಂದು ಓದುತ್ತಿದ್ದ ಅವರು ಒಲ್ಲದ ಮನಸ್ಸಿನಿಂದಲೇ ತಂದೆಯ ಕುರ್ಚಿಯಲ್ಲಿ ಕುಳಿತರು. ಮುಂದೆ ‘ಎಜುಕೇಷನಲ್’ ಎಂಬುದು ‘ಎಂಟರ್‌ಟೈನಿಂಗ್’ ಆಯಿತು, ಶಿಕ್ಷಣ ಹೋಗಿ ಮನರಂಜನೆ ಬಂದಿತು, ಇ.ಸಿ. ಎಂಬ ಎರಡಕ್ಷರ ಮಾತ್ರ ಹಾಗೆಯೇ ಉಳಿಯಿತು. 1950ರಲ್ಲಿ ಗೇಯ್ನ್ಸ್ ಮತ್ತು ಅವರ ಸಂಪಾದಕ ಅಲ್ ಫೆಲ್ಡ್‌ಸ್ಟೀನ್ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ‘ದಿ ವಾಲ್ಟ್ ಆಫ್ ಹಾರರ್’, ‘ದಿ ಹಾಂಟ್ ಆಫ್ ಫಿಯರ್’ ಎಂದು ಮುಂದೆ ಹೆಸರಾದ ಮೂರು ಭಯದ ಪತ್ರಿಕೆಗಳಿಗೆ ನಾಂದಿ ಹಾಡಿದರು.

ಒಂದೊಂದು ಪತ್ರಿಕೆಗೂ ಕಥೆ ಹೇಳುವ ಒಬ್ಬೊಬ್ಬ ವಿಕಾರ ರೂಪಿ ಇದ್ದನು. ಒಬ್ಬನು ನೆಲಮಾಳಿಗೆಯ ಸಮಾಧಿಯ ಕಾವಲುಗಾರ, ಇನ್ನೊಬ್ಬನು ಕಗ್ಗತ್ತಲ ಕೋಣೆಯ ಒಡೆಯ, ಮೂರನೆಯವಳು ಕೊಪ್ಪರಿಗೆಯ ಮುಂದೆ ಕುಳಿತ ಮುದಿ ಮಾಟಗಾತಿ. ವಿಕ್ರಮಾದಿತ್ಯನ ಹೆಗಲ ಮೇಲೆ ಕುಳಿತು ಕಥೆ ಹೇಳುವ ಬೇತಾಳನನ್ನು ಬಲ್ಲ ನಮಗೆ ಇವರ ಪರಿಚಯವಾಗಲು ಹೊತ್ತು ಹಿಡಿಯದು. ಬೇತಾಳನು ಕಥೆಯ ಕೊನೆಯಲ್ಲಿ ಪ್ರಶ್ನೆ ಕೇಳುತ್ತಾನೆ. ಇವರು ಹಾಸ್ಯದ ಮಾತೊಂದನ್ನಾಡಿ ಕಿಲಕಿಲನೆ ನಗುತ್ತಾರೆ. ಕಥೆಗಳ ಹಂದರವೂ ಬಹುಮಟ್ಟಿಗೆ ಒಂದೇ. ಲೋಭಿಯೊಬ್ಬನು ಹಣಕ್ಕಾಗಿಯೋ ಹಗೆಯಿಂದಲೋ ನಿರಪರಾಧಿಯನ್ನು ಕೊಲ್ಲುತ್ತಾನೆ. ಕಾನೂನಿನ ಕಣ್ಣಿಗೆ ಅವನು ಬೀಳುವುದಿಲ್ಲ. ಆದರೆ ಸತ್ತವನು ಹೂತ ನೆಲದಿಂದ ಎದ್ದು ಬರುತ್ತಾನೆ. ಮಾಡಿದವನ ಪಾಪ ಅದೇ ರೂಪದಲ್ಲಿ ಅವನಿಗೇ ಮರಳುತ್ತದೆ.

ಇವು ಸಿದ್ಧವಾಗುತ್ತಿದ್ದ ಬಗೆಯೂ ತಿಳಿಯತಕ್ಕದ್ದು. ಗೇಯ್ನ್ಸ್ ರಾತ್ರಿಯೆಲ್ಲ ನಿದ್ದೆಗೆಟ್ಟು ಹಳೆಯ ಕಥೆಗಳನ್ನು ಓದಿ, ಬೆಳಗ್ಗೆ ಕಚೇರಿಗೆ ಬರುವಾಗ ಒಂದಷ್ಟು ಎಳೆಗಳನ್ನು ಬರೆದು ತರುತ್ತಿದ್ದರು. ಫೆಲ್ಡ್‌ಸ್ಟೀನ್ ಅವುಗಳಲ್ಲಿ ಒಂದನ್ನು ಒಪ್ಪಿದರೆ ಇಬ್ಬರೂ ಕುಳಿತು ಕಥೆ ಹೆಣೆಯುತ್ತಿದ್ದರು. ಫೆಲ್ಡ್‌ಸ್ಟೀನ್ ಮಾತುಗಳನ್ನು ಚಿತ್ರ ಬರೆಯಬೇಕಾದ ಹಲಗೆಯ ಮೇಲೆಯೇ ನೇರವಾಗಿ ಬರೆದುಬಿಡುತ್ತಿದ್ದರು. ಅಕ್ಷರಗಳು ಕೂಡಿದ ಮೇಲೆ ಉಳಿದ ಜಾಗ ಚಿತ್ರಕಾರನ ಪಾಲಿಗೆ. ಮಾತಿನ ಭಾರದಿಂದ ಚಿತ್ರಗಳು ಮೂಲೆಗೆ ಒತ್ತಲ್ಪಟ್ಟಂತೆ ಈ ಪುಟಗಳು ಕೆಲವೊಮ್ಮೆ ಕಾಣುವುದಕ್ಕೆ ಇದೇ ಕಾರಣ. ಆದರೆ ಚಿತ್ರಕಾರರು ಸಾಮಾನ್ಯರಲ್ಲ. ಗ್ರಹಾಂ ಇಂಗಲ್ಸ್, ಜ್ಯಾಕ್ ಡೇವಿಸ್, ಜಾನಿ ಕ್ರೇಗ್, ವ್ಯಾಲಿ ವುಡ್ ಮೊದಲಾದವರಿಗೆ ಗೇಯ್ನ್ಸ್ ತಮ್ಮದೇ ಶೈಲಿಯಲ್ಲಿ ಬರೆಯುವ ಸ್ವಾತಂತ್ರ್ಯ ಕೊಟ್ಟರು. ಚಿತ್ರದ ಮೇಲೆ ಸಹಿ ಹಾಕಲು ಬಿಟ್ಟರು. ರೇ ಬ್ರ್ಯಾಡ್‌ಬರಿ ಎಂಬ ಪ್ರಸಿದ್ಧ ಲೇಖಕರ ಎರಡು ಕಥೆಗಳನ್ನು ಕೂಡಿಸಿ ಇವರು ಒಮ್ಮೆ ಹೇಳದೆ ಕೇಳದೆ ಬಳಸಿಕೊಂಡರು. ಬ್ರ್ಯಾಡ್‌ಬರಿ ಸಿಟ್ಟಾಗಲಿಲ್ಲ, ತಮಗೆ ಬರಬೇಕಾದ ಗೌರವಧನ ಕಳುಹಿಸುವುದು ಮರೆತುಹೋಗಿರಬೇಕೆಂದು ನಯವಾಗಿ ಒಂದು ಪತ್ರ ಬರೆದರು. ಹಣ ಹೋಯಿತು, ಮುಂದೆ ಒಪ್ಪಿಗೆ ಪಡೆದೇ ಅವರ ಹಲವು ಕಥೆಗಳು ಇ.ಸಿ. ಪುಟಗಳಲ್ಲಿ ಬಂದುವು.

ಆದರೆ ಇವುಗಳಲ್ಲಿ ದೋಷವೇ ಇರಲಿಲ್ಲವೆಂದರೆ ಸತ್ಯಕ್ಕೆ ಅಪಚಾರವಾದೀತು. ನಮ್ಮ ಅಲಂಕಾರಿಕರು ಭಯಾನಕವನ್ನೂ ಬೀಭತ್ಸವನ್ನೂ ಬೇರೆ ಬೇರೆ ರಸಗಳೆಂದು ಗುರುತಿಸಿದ್ದಾರೆ. ಒಂದರ ಮೂಲ ಹೆದರಿಕೆ, ಇನ್ನೊಂದರ ಮೂಲ ಹೇಸಿಗೆ. ಇ.ಸಿ.ಯ ಒಳ್ಳೆಯ ಕಥೆಗಳು ಮೊದಲನೆಯದನ್ನು ಸಾಧಿಸಿದುವು. ಆದರೆ ಮಾರಾಟದ ಪೈಪೋಟಿ ಬೆಳೆದಂತೆ ಅವರೂ ಎರಡನೆಯದರತ್ತ ಜಾರಿದರು. 1953ರಲ್ಲಿ ಬಂದ ಒಂದು ಕಥೆಯಲ್ಲಿ ಕೊಲೆಗಾರನೊಬ್ಬನ ದೇಹದ ಅವಯವಗಳನ್ನೇ ಸಲಕರಣೆಗಳಾಗಿ ಮಾಡಿಕೊಂಡು ಬೇಸ್‌ಬಾಲ್ ಆಡುವ ದೃಶ್ಯವಿದೆ. ಏಳೆಂಟು ವರ್ಷದ ಮಗುವಿನ ಕೈಯಲ್ಲಿ ಅದನ್ನು ಕಂಡ ತಾಯಿ ಬೆಚ್ಚಿಬಿದ್ದರೆ ಆಕೆಯನ್ನು ಯಾರೂ ತಪ್ಪೆನ್ನಲಾರರು.

ಅಂತಹ ತಾಯಂದಿರ ದನಿಯಾಗಿ ನಿಂತವರು ಡಾಕ್ಟರ್ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು. ಇವರನ್ನು ಬರಿಯ ಸಂಕುಚಿತ ಬುದ್ಧಿಯವರೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಾದಲ್ಲಿ ನೆಲೆಸಿದ ಅವರು, ನೀಗ್ರೋ ಜನರೆಂದು ಆಗ ಕರೆಯಲ್ಪಡುತ್ತಿದ್ದ ಕರಿಯ ಜನರಿಗೆ ಮಾನಸಿಕ ಚಿಕಿತ್ಸೆ ದೊರೆಯುವುದೇ ದುರ್ಲಭವಾಗಿದ್ದ ಕಾಲದಲ್ಲಿ, 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಭಾಗದ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಚಿಕಿತ್ಸಾಲಯ ತೆರೆದರು. ಶುಲ್ಕ ಇಪ್ಪತ್ತೈದು ಸೆಂಟು. ಕರಿಯ ಮಕ್ಕಳನ್ನು ಬೇರೆ ಶಾಲೆಗಳಲ್ಲಿ ಕೂರಿಸುವುದರಿಂದ ಅವರ ಮನಸ್ಸಿಗೆ ಆಗುವ ಹಾನಿಯನ್ನು ಪರೀಕ್ಷಿಸಿ ಡೆಲವೇರ್ ರಾಜ್ಯದ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಮುಂದೆ 1954ರ ಮೇ 17ರಂದು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು ಶಾಲೆಗಳಲ್ಲಿನ ವರ್ಣಭೇದವನ್ನು ಅಸಿಂಧುವೆಂದು ಸಾರಿದಾಗ, ಆ ತೀರ್ಪಿಗೆ ಸೇರಿದ್ದ ಮೊಕದ್ದಮೆಗಳಲ್ಲಿ ಡೆಲವೇರಿನದೂ ಒಂದಾಗಿದ್ದಿತು.

ಈ ಮಹನೀಯರೇ ತಮ್ಮಲ್ಲಿಗೆ ಬರುತ್ತಿದ್ದ ತುಂಟ, ಅಪರಾಧಿ ಮಕ್ಕಳ ಕೈಯಲ್ಲೆಲ್ಲ ಕಾಮಿಕ್ ಪುಸ್ತಕಗಳನ್ನು ಕಂಡು, ಬಾಲಾಪರಾಧಕ್ಕೆ ಅವೂ ಒಂದು ಮುಖ್ಯ ಕಾರಣವೆಂದು ನಂಬಿದರು. 1948ರಿಂದ ಲೇಖನಗಳ ಮೂಲಕ ಪ್ರಚಾರ ಮಾಡಿ, 1954ರಲ್ಲಿ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಪುಸ್ತಕವನ್ನು ಓದಿದ ಜನ ತಲ್ಲಣಿಸಿದರು. ಆದರೆ ಅವರ ವಾದದಲ್ಲಿ ಒಂದು ಬಿರುಕಿದ್ದಿತು. ಆ ಕಾಲದ ಅಮೆರಿಕಾದಲ್ಲಿ ಕಾಮಿಕ್ಕುಗಳನ್ನು ಓದದ ಮಗುವೇ ಅಪರೂಪ. ಆಸ್ಪತ್ರೆಗೆ ಬಂದ ರೋಗಿಗಳೆಲ್ಲರೂ ಅನ್ನ ಉಂಡವರೆಂಬುದರಿಂದ ಅನ್ನವೇ ರೋಗಕ್ಕೆ ಕಾರಣವೆಂದು ಹೇಳಲಾದೀತೆ? ಅದೇ ಪುಸ್ತಕಗಳನ್ನು ಓದಿ ಯಾವ ಅಪರಾಧವನ್ನೂ ಮಾಡದ ಕೋಟ್ಯಂತರ ಮಕ್ಕಳನ್ನು ಅವರು ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

1954ರ ಏಪ್ರಿಲ್ 21ರಂದು ನ್ಯೂಯಾರ್ಕ್ ನಗರದ ನ್ಯಾಯಾಲಯ ಭವನವೊಂದರಲ್ಲಿ ಅಮೆರಿಕಾದ ಸೆನೆಟ್ಟಿನ ಬಾಲಾಪರಾಧ ಉಪಸಮಿತಿಯು ಬಹಿರಂಗ ವಿಚಾರಣೆಯನ್ನು ಆರಂಭಿಸಿತು. ಮೊದಲ ದಿನವೇ ವರ್ಥಮ್ ಮತ್ತು ಗೇಯ್ನ್ಸ್ ಇಬ್ಬರೂ ಸಾಕ್ಷ್ಯ ನುಡಿದರು. ವರ್ಥಮ್ ಒಂದು ಇ.ಸಿ. ಕಥೆಯನ್ನು ಎತ್ತಿಕೊಂಡು, ಅದರಲ್ಲಿ ಮೆಕ್ಸಿಕೋ ಮೂಲದ ಜನರನ್ನು ಹೀಯಾಳಿಸುವ ಪದ ಮತ್ತೆ ಮತ್ತೆ ಬರುವುದನ್ನು ತೋರಿಸಿ, ಮಕ್ಕಳಿಗೆ ಜನಾಂಗದ್ವೇಷವನ್ನು ಕಲಿಸುವುದರಲ್ಲಿ ಈ ವ್ಯಾಪಾರದ ಮುಂದೆ ಹಿಟ್ಲರನೂ ಹರಿಕಾರನಷ್ಟೇ ಎಂಬ ಅರ್ಥ ಬರುವಂತೆ ನುಡಿದರು. ಆ ಕಥೆಯಾದರೋ ಇರುವುದು ಹೀಗೆ: ತನ್ನ ಮಗಳು ಮೆಕ್ಸಿಕೋ ಮೂಲದ ತರುಣನನ್ನು ಪ್ರೀತಿಸಿದಳೆಂದು ಕೆರಳಿದ ತಂದೆ ನೆರೆಹೊರೆಯವರನ್ನು ಕಟ್ಟಿಕೊಂಡು ಕತ್ತಲಲ್ಲಿ ಅವನನ್ನು ಹೊಡೆಯಲು ಹೋಗುತ್ತಾನೆ, ಮುಸುಕು ತೆಗೆದು ನೋಡಿದಾಗ ಹೊಡೆತದಿಂದ ಸತ್ತಿರುವುದು ಅವನ ಮಗಳೇ. ಹೀನ ಮಾತುಗಳೆಲ್ಲ ಆ ತಂದೆಯ ಮತ್ತು ಅವನ ಸಂಗಡಿಗರ ಬಾಯಲ್ಲಿವೆ. ಜನಾಂಗದ್ವೇಷ ಎಷ್ಟು ಕೆಟ್ಟದೆಂದು ತೋರಿಸುವುದಕ್ಕಾಗಿಯೇ ಆ ಕಥೆಯನ್ನು ಬರೆದುದೆಂದು ಗೇಯ್ನ್ಸ್ ಉತ್ತರ ಕೊಟ್ಟರು. ಒಂದೇ ಕೇಡನ್ನು ದ್ವೇಷಿಸುತ್ತಿದ್ದ ಇಬ್ಬರು ಒಂದೇ ಕೋಣೆಯಲ್ಲಿ, ಒಬ್ಬರು ಇನ್ನೊಬ್ಬರನ್ನು ಆ ಕೇಡಿನ ವಕೀಲರೆಂದು ಕಾಣುವಂತಾಯಿತು.

ಆದರೆ ಜನರ ನೆನಪಿನಲ್ಲಿ ಉಳಿದುದು ಈ ಪ್ರಸಂಗವಲ್ಲ. ಸೆನೆಟರ್ ಎಸ್ಟಿಸ್ ಕೀಫಾವರ್ ಒಂದು ಪತ್ರಿಕೆಯ ರಕ್ಷಾಪತ್ರವನ್ನು ಎತ್ತಿ ಹಿಡಿದರು. ಅದರಲ್ಲಿ ಒಬ್ಬನ ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಹೆಂಗಸಿನ ರುಂಡ. ಇದು ಸದಭಿರುಚಿಯೆ ಎಂದು ಅವರು ಕೇಳಿದರು. ಭಯದ ಪತ್ರಿಕೆಯ ರಕ್ಷಾಪತ್ರಕ್ಕೆ ಸಂಬಂಧಿಸಿದಂತೆ ಹೌದು ಎಂದರು ಗೇಯ್ನ್ಸ್. ಅಷ್ಟಕ್ಕೇ ನಿಲ್ಲಿಸದೆ, ರುಂಡವನ್ನು ಇನ್ನೂ ಸ್ವಲ್ಪ ಮೇಲೆತ್ತಿ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಅದು ಅಭಿರುಚಿಹೀನವಾಗುತ್ತಿತ್ತೆಂದು ವಿವರಿಸಲೂ ಹೋದರು. ಮರುದಿನ ಈ ಮಾತು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಮುಖಪುಟವನ್ನು ಮುಟ್ಟಿತು. ತಮ್ಮ ಮಟ್ಟಿಗೆ ಪ್ರಾಮಾಣಿಕವಾಗಿಯೇ ಆಡಿದ ಆ ಒಂದು ಮಾತಿನಿಂದ ಗೇಯ್ನ್ಸ್ ತಮ್ಮ ಪಕ್ಷವನ್ನು ತಾವೇ ಸೋಲಿಸಿಕೊಂಡರೆನ್ನಬೇಕು. ವಿಚಾರಣೆ ಮೂರು ದಿನ ನಡೆಯಿತು. ವೈದ್ಯರು, ಪ್ರಕಾಶಕರು, ಚಿತ್ರಕಾರರು, ವಿತರಕರು ಬಂದು ಸಾಕ್ಷ್ಯ ಹೇಳಿದರು. ಈ ಪುಸ್ತಕಗಳನ್ನು ಓದುತ್ತಿದ್ದ ಮಕ್ಕಳನ್ನು ಯಾರೂ ಕರೆಯಲಿಲ್ಲ. ಅವರಲ್ಲಿ ಕೆಲವರು ತಾವಾಗಿಯೇ ಸೆನೆಟ್ಟಿಗೆ ಪತ್ರ ಬರೆದು, ತಮ್ಮ ಪುಸ್ತಕಗಳನ್ನು ಕಿತ್ತುಕೊಳ್ಳಬಾರದೆಂದು ಕೇಳಿಕೊಂಡರು.

ಉಪಸಮಿತಿಯು 1955ರಲ್ಲಿ ಕೊಟ್ಟ ವರದಿಯಲ್ಲಿ ಸರ್ಕಾರದ ನಿಯಂತ್ರಣ ಕೂಡದೆಂದೇ ಹೇಳಿತು. ಆದರೆ ಅಷ್ಟರಲ್ಲಿ ಕೆಲಸ ಮುಗಿದಿದ್ದಿತು. ಪ್ರಕಾಶಕರು ಹೆದರಿದ್ದರು. ಒಗ್ಗಟ್ಟಾಗಿ ಎದುರಿಸೋಣವೆಂದು ಗೇಯ್ನ್ಸ್ ಮುಂದಾಗಿ ಕರೆದ ಸಭೆಯೇ ತಮ್ಮನ್ನು ತಾವು ಕಟ್ಟಿಹಾಕಿಕೊಳ್ಳುವ ಸಂಘವಾಗಿ ಮಾರ್ಪಟ್ಟಿತು; ಅವರು ಎದ್ದು ಹೊರಬಂದರು. ಆ ಸಂಘ 1954ರ ಅಕ್ಟೋಬರ್ 26ರಂದು ಒಂದು ನಿಯಮಾವಳಿಯನ್ನು ಅಂಗೀಕರಿಸಿ, ಚಾರ್ಲ್ಸ್ ಮರ್ಫಿ ಎಂಬ ನ್ಯಾಯಾಧೀಶರನ್ನು ಅದರ ಆಡಳಿತಕ್ಕೆ ನೇಮಿಸಿತು. ಪತ್ರಿಕೆಯ ಹೆಸರಿನಲ್ಲಿ ‘ಹಾರರ್’, ‘ಟೆರರ್’ ಎಂಬ ಪದಗಳು ಬರಕೂಡದು. ನಡೆದಾಡುವ ಹೆಣ, ರಕ್ತಪಿಶಾಚಿ, ತೋಳಮಾನವ, ನರಭಕ್ಷಣೆ ಯಾವುದೂ ಇರಕೂಡದು. ಪೋಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಮೂಡುವಂತೆ ಬರೆಯಕೂಡದು. ಪ್ರತಿಯೊಂದು ಕಥೆಯಲ್ಲಿಯೂ ಒಳ್ಳೆಯದೇ ಗೆಲ್ಲಬೇಕು. ಯಾವ ಮತವನ್ನಾಗಲಿ ಜನಾಂಗವನ್ನಾಗಲಿ ಹಾಸ್ಯ ಮಾಡಕೂಡದೆಂಬ ಒಳ್ಳೆಯ ಮಾತೂ ಅದರಲ್ಲಿತ್ತು.

ಇದು ಶಾಸನವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಒಪ್ಪಿತವಾದ ಪತ್ರಿಕೆಯ ರಕ್ಷಾಪತ್ರದ ಮೂಲೆಯಲ್ಲಿ ಅಂಚೆಚೀಟಿಯಂತಹ ಒಂದು ಪುಟ್ಟ ಮುದ್ರೆ ಬೀಳುತ್ತಿತ್ತು, ಅಷ್ಟೆ. ಆದರೆ ಮುದ್ರೆಯಿಲ್ಲದ ಪತ್ರಿಕೆಯನ್ನು ಸಗಟು ವಿತರಕರು ಮುಟ್ಟಲೊಲ್ಲದಾದರು. ಗೇಯ್ನ್ಸ್ ತಮ್ಮ ಭಯದ ಪತ್ರಿಕೆಗಳನ್ನು ತಾವೇ ನಿಲ್ಲಿಸಿ ಬೇರೆ ಬಗೆಯವನ್ನು ಹೊರತಂದರೂ ಕಟ್ಟುಗಳು ಬಿಚ್ಚದೆ ಹಾಗೆಯೇ ಮರಳಿ ಬಂದುವು. ಕೊನೆಗೆ ಅವರೂ ಸಂಘವನ್ನು ಸೇರಬೇಕಾಯಿತು. ಒಬ್ಬ ಇತಿಹಾಸಕಾರರ ಲೆಕ್ಕದಂತೆ, 1954ರಲ್ಲಿ ಸುಮಾರು 650ರಷ್ಟಿದ್ದ ಕಾಮಿಕ್ ಪತ್ರಿಕೆಗಳು ಎರಡು ವರ್ಷಗಳಲ್ಲಿ 250ರಷ್ಟಕ್ಕೆ ಇಳಿದುವು. ನೂರಾರು ಮಂದಿ ಚಿತ್ರಕಾರರೂ ಬರಹಗಾರರೂ ಆ ಕಸುಬನ್ನೇ ಬಿಟ್ಟರು.

ಈ ಭೀತಿ ಅಮೆರಿಕಾದ ಗಡಿಯೊಳಗೆ ಉಳಿಯಲಿಲ್ಲ. ಕೆನಡಾ ದೇಶವು 1949ರಲ್ಲಿಯೇ ಅಪರಾಧದ ಕಾಮಿಕ್ಕುಗಳನ್ನು ನಿಷೇಧಿಸಿತ್ತು. 1954ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ಕಬ್ಬಿಣದ ಹಲ್ಲಿನ ರಕ್ತಪಿಶಾಚಿಯೊಂದು ಇಬ್ಬರು ಹುಡುಗರನ್ನು ತಿಂದಿತೆಂಬ ಸುದ್ದಿ ಹಬ್ಬಿ, ನೂರಾರು ಮಕ್ಕಳು ದೊಣ್ಣೆ ಚೂರಿಗಳನ್ನು ಹಿಡಿದು ಸ್ಮಶಾನಕ್ಕೆ ನುಗ್ಗಿದರು. ಕಾಣೆಯಾದ ಹುಡುಗರು ಯಾರೂ ಇರಲಿಲ್ಲ. ಅಪವಾದ ಬಂದುದು ಅಮೆರಿಕಾದ ಕಾಮಿಕ್ಕುಗಳ ತಲೆಗೆ. ಕಬ್ಬಿಣದ ಹಲ್ಲಿನ ಹೆಂಗಸಿನ ಕಥೆ ಆ ಊರಿನ ಅಜ್ಜಿಯರ ಬಾಯಲ್ಲಿ ಮೊದಲಿನಿಂದಲೂ ಇದ್ದುದನ್ನು ನೆನೆದವರು ಕಡಮೆ. ಮರುವರ್ಷ ಬ್ರಿಟನ್ನು ಮಕ್ಕಳಿಗೆ ಹಾನಿಕರವಾದ ಪ್ರಕಟಣೆಗಳ ವಿರುದ್ಧ ಕಾಯಿದೆ ಮಾಡಿತು. 1956ರಲ್ಲಿ, ನಮ್ಮ ರಾಜ್ಯ ಏಕೀಕರಣಗೊಂಡ ವರ್ಷದಲ್ಲಿಯೇ, ಭಾರತದ ಸಂಸತ್ತೂ ಅಂತಹುದೇ ಕಾಯಿದೆಯನ್ನು ಅಂಗೀಕರಿಸಿತು. ಹಿಂಸೆ, ಕ್ರೌರ್ಯ, ಬೀಭತ್ಸ ಘಟನೆಗಳನ್ನು ಕಿರಿಯರನ್ನು ಕೆಡಿಸುವ ರೀತಿಯಲ್ಲಿ ಚಿತ್ರಿಸುವ ಪುಸ್ತಕಗಳನ್ನು ಅದು ದಂಡನೀಯವೆಂದಿತು; ಕಿರಿಯರೆಂದರೆ ಇಪ್ಪತ್ತು ವರ್ಷ ತುಂಬದವರು. ಹೀಗೆ ನ್ಯೂಯಾರ್ಕಿನ ಒಂದು ಕೋಣೆಯಲ್ಲಿ ಎದ್ದ ಪ್ರಶ್ನೆಯ ನೆರಳು ನಮ್ಮ ಕಾಯಿದೆ ಪುಸ್ತಕದ ಮೇಲೂ ಬಿದ್ದಿತು.

ಮುದ್ರೆಯ ವಿಚಾರದಲ್ಲಿ ಇನ್ನೊಂದು ಪ್ರಸಂಗ ಉಳಿದಿದೆ. 1955ರ ಕೊನೆಯಲ್ಲಿ ಇ.ಸಿ.ಯ ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದ ಕಥೆಯನ್ನು ಮರ್ಫಿಯವರ ಕಚೇರಿ ತಿರಸ್ಕರಿಸಿತು. ಆ ಸ್ಥಳವನ್ನು ತುಂಬಲು ಫೆಲ್ಡ್‌ಸ್ಟೀನ್ 1953ರಲ್ಲಿ ಪ್ರಕಟವಾಗಿದ್ದ ‘ಜಡ್ಜ್‌ಮೆಂಟ್ ಡೇ’ ಎಂಬ ಕಥೆಯನ್ನು ಮತ್ತೆ ಕಳುಹಿಸಿದರು. ಅದರಲ್ಲಿ ಭೂತವೂ ಇಲ್ಲ, ರಕ್ತವೂ ಇಲ್ಲ. ಯಂತ್ರಮಾನವರೇ ವಾಸಿಸುವ ಒಂದು ಗ್ರಹಕ್ಕೆ ಭೂಮಿಯ ಪ್ರತಿನಿಧಿಯೊಬ್ಬನು ಬರುತ್ತಾನೆ. ಬಾಹ್ಯಾಕಾಶದ ಗಣರಾಜ್ಯವನ್ನು ಸೇರುವ ಯೋಗ್ಯತೆ ಆ ಗ್ರಹಕ್ಕೆ ಬಂದಿದೆಯೆ ಎಂದು ನೋಡುವುದು ಅವನ ಕೆಲಸ. ಕಿತ್ತಳೆ ಬಣ್ಣದ ಯಂತ್ರಗಳು ಅವನಿಗೆ ತಮ್ಮ ಊರನ್ನೆಲ್ಲ ತೋರಿಸುತ್ತವೆ. ನೀಲಿ ಬಣ್ಣದವುಗಳಿಗೆ ಬೇರೆ ಕೇರಿ, ಬೇರೆ ಶಾಲೆ, ಕೀಳು ಕೆಲಸ. ಮೇಲಿನ ತಗಡನ್ನು ಬಿಟ್ಟರೆ ಒಳಗಿನ ಯಂತ್ರ ಎರಡರಲ್ಲಿಯೂ ಒಂದೇ. ನಿಮಗೆ ಇನ್ನೂ ಕಾಲ ಬಂದಿಲ್ಲವೆಂದು ಹೇಳಿ ಅವನು ಹೊರಡುತ್ತಾನೆ. ಕೊನೆಯ ಚೌಕದಲ್ಲಿ, ತನ್ನ ನೌಕೆಯೊಳಗೆ ಕುಳಿತು ಶಿರಸ್ತ್ರಾಣವನ್ನು ತೆಗೆಯುತ್ತಾನೆ. ಅವನು ಕರಿಯ ಮನುಷ್ಯ. ಅವನ ಹಣೆಯ ಬೆವರ ಹನಿಗಳು ದೂರದ ನಕ್ಷತ್ರಗಳಂತೆ ಮಿನುಗುತ್ತವೆ.

ಆ ಮನುಷ್ಯನು ಕರಿಯನಾಗಿರಕೂಡದೆಂದು ಮರ್ಫಿಯವರು ಹೇಳಿದರೆಂಬುದಾಗಿ ಫೆಲ್ಡ್‌ಸ್ಟೀನ್ ಮುಂದೆ ತಿಳಿಸಿದ್ದಾರೆ. ನಿಯಮಾವಳಿಯ ಯಾವ ಮಾತಿಗೂ ಆ ಚಿತ್ರ ವಿರುದ್ಧವಾಗಿರಲಿಲ್ಲ. ಅವನು ಕರಿಯನೆಂಬುದೇ ಕಥೆಯ ಪ್ರಾಣವಾಗಿತ್ತು. ಗೇಯ್ನ್ಸ್ ಈ ಸಂಗತಿಯನ್ನು ಪತ್ರಿಕೆಗಳ ಮುಂದೆ ಇಡುವೆನೆಂದು ಬೆದರಿಸಿದಾಗ ಕಚೇರಿ ಹಿಮ್ಮೆಟ್ಟಿ, ಬೆವರ ಹನಿಗಳನ್ನಾದರೂ ಅಳಿಸಿರೆಂದು ಕೇಳಿತಂತೆ. ಗೇಯ್ನ್ಸ್ ಅದಕ್ಕೂ ಒಪ್ಪಲಿಲ್ಲ. ಕಥೆ ಇದ್ದುದು ಇದ್ದಂತೆಯೇ ಅಚ್ಚಾಯಿತು. ಇ.ಸಿ. ಹೊರತಂದ ಕೊನೆಯ ಬಣ್ಣದ ಕಾಮಿಕ್ ಪುಸ್ತಕ ಅದೇ. ಆಮೇಲೆ ಗೇಯ್ನ್ಸ್ ಕೈಯಲ್ಲಿ ಉಳಿದುದು, ಕಪ್ಪುಬಿಳುಪಿನ ದೊಡ್ಡ ಆಕಾರದಲ್ಲಿ ಬರುತ್ತಿದ್ದು ಮುದ್ರೆಯ ಹಂಗಿಲ್ಲದಿದ್ದ ‘ಮ್ಯಾಡ್’ ಎಂಬ ಹಾಸ್ಯಪತ್ರಿಕೆ. ಅದು ಅವರಿಗೆ ಹಿಂದಿನ ಎಲ್ಲ ಭೂತಗಳಿಗಿಂತ ಹೆಚ್ಚಿನ ಹಣವನ್ನೂ ಹೆಸರನ್ನೂ ತಂದಿತು. 1992ರಲ್ಲಿ ಅವರು ತೀರಿಕೊಂಡರು.

ವರ್ಥಮ್ ಅವರ ಖಾಸಗಿ ಕಾಗದಪತ್ರಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದ್ದು, 2010ರಲ್ಲಿ ಸಂಶೋಧಕರಿಗೆ ತೆರೆದುವು. ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸರು ಅವುಗಳನ್ನು ಪುಸ್ತಕದೊಡನೆ ಹೋಲಿಸಿ 2012ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಹಲವು ಮಕ್ಕಳ ಮಾತನ್ನು ಒಬ್ಬನ ಮಾತೆಂಬಂತೆ ಕೂಡಿಸಿದ್ದು, ಒಬ್ಬನ ಮಾತನ್ನು ಹಲವರಿಗೆ ಹಂಚಿದ್ದು, ಮಕ್ಕಳ ಮನೆಯ ಬಡತನ, ಜಗಳ, ಹೊಡೆತಗಳಂತಹ ಬೇರೆ ಕಾರಣಗಳನ್ನು ಕೈಬಿಟ್ಟದ್ದು ಆಗ ಬೆಳಕಿಗೆ ಬಂದಿತು. ಅಷ್ಟು ಹೊತ್ತಿಗೆ ಮುದ್ರೆಯೂ ಸವೆದಿದ್ದಿತು. 1971ರಲ್ಲಿ ನಿಯಮಗಳನ್ನು ಸಡಿಲಿಸಿ ರಕ್ತಪಿಶಾಚಿಗಳಿಗೆ ಮರಳಿ ಪ್ರವೇಶ ಕೊಡಲಾಯಿತು. ದೊಡ್ಡ ಪ್ರಕಾಶಕರು ಒಬ್ಬೊಬ್ಬರಾಗಿ ಸಂಘವನ್ನು ಬಿಟ್ಟು, 2011ರ ಜನವರಿಯಲ್ಲಿ ಕೊನೆಯವರೂ ಹೊರನಡೆದರು. ಅದೇ ವರ್ಷ ಆ ಪುಟ್ಟ ಮುದ್ರೆಯ ಒಡೆತನ ಬೇರೊಂದು ಸಂಸ್ಥೆಗೆ ಸೇರಿತು. ಕಾಮಿಕ್ ಪುಸ್ತಕಗಳನ್ನು ನಿಷೇಧಿಸಹೊರಟವರ ವಿರುದ್ಧ ನ್ಯಾಯಾಲಯಗಳಲ್ಲಿ ಹೋರಾಡುವುದು ಆ ಸಂಸ್ಥೆಯ ಕೆಲಸ.